ಮಗುವಿನ ವಿಕಾಸದ ಮೊದಲ ಗುರುತುಗಳು

ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೈಲು ದಾರಿಯಲ್ಲಿ ಮುಗದ ಎಂಬ ಊರಿದೆ. ಬಯಲುಸೀಮೆಯು ಮುಗಿದು ಮಲೆನಾಡು ಮೊದಲಾಗುವ ಸೆರಗಿನಲ್ಲಿರುವ ಈ ಭಾಗದಲ್ಲಿ ಭತ್ತವು ಮುಖ್ಯವಾದ ಬೆಳೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವೂ ಮುಗದದಲ್ಲಿಯೇ ಉಂಟು. ಇಲ್ಲಿಯ ರೈತನು ಕೂರಿಗೆಯಿಂದ ಭತ್ತವನ್ನು ಬಿತ್ತಿದ ಮೇಲೆ ತೆನೆ ಬರುವವರೆಗೆ ಕೈಕಟ್ಟಿ ಕೂಡುವುದಿಲ್ಲ. ಮೊಳಕೆಯು ಎಷ್ಟು ದಿನಕ್ಕೆ ಮೇಲೆ ಬಂದಿತು, ಸಾಲಿನಲ್ಲಿ ಎಲ್ಲಿ ತೆರಪು ಬಿದ್ದಿದೆ, ಎಲೆಯ ಬಣ್ಣ ಹೇಗಿದೆ ಎಂಬುದನ್ನು ಅವನು ದಿನದಿನವೂ ನೋಡುತ್ತಾನೆ. ಕಾಲ ಮೀರಿದ ಮೇಲೆ ಮಾಡಿದ ಆರೈಕೆಗೆ ಪೂರ್ಣ ಫಲವಿಲ್ಲವೆಂಬುದು ಅವನ ಅನುಭವ.

ಆದರೆ ಅದೇ ರೈತನ ಮನೆಯಲ್ಲಿ ಎರಡು ವರ್ಷದ ಮಗುವೊಂದು ಇನ್ನೂ ಮಾತನಾಡದಿದ್ದರೆ, "ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಮೂರು ವರ್ಷ ತುಂಬಲಿ ಬಿಡ್ರಿ" ಎಂಬ ಸಮಾಧಾನದ ಮಾತು ಕೇಳಿಬರುತ್ತದೆ. ಈ ಸಮಾಧಾನವು ಹಲವು ಸಲ ನಿಜವೂ ಆಗುತ್ತದೆ. ಕೆಲವು ಸಲ ಮಾತ್ರ ಅದು ಮಗುವಿನ ಬಾಳಿನಲ್ಲಿ ಬಹು ಬೆಲೆಯುಳ್ಳ ಒಂದೆರಡು ವರ್ಷಗಳನ್ನು ವ್ಯರ್ಥವಾಗಿ ಕಳೆದುಬಿಡುತ್ತದೆ. ಯಾವ ಮಗುವಿನ ವಿಷಯದಲ್ಲಿ ಕಾಯಬಹುದು, ಯಾವ ಮಗುವಿನ ವಿಷಯದಲ್ಲಿ ಕಾಯಲಾಗದು? ವಿಜ್ಞಾನವು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ಇಲ್ಲಿ ವಿವೇಚಿಸೋಣ.

ಬೆಳವಣಿಗೆ ಮತ್ತು ವಿಕಾಸ

ಮಗುವಿನ ತೂಕ ಮತ್ತು ಎತ್ತರಗಳು ಹೆಚ್ಚುವುದನ್ನು ಬೆಳವಣಿಗೆಯೆಂದು ಕರೆಯುತ್ತೇವೆ. ಇದನ್ನು ತಕ್ಕಡಿಯಿಂದಲೂ ಅಳತೆಪಟ್ಟಿಯಿಂದಲೂ ಅಳೆಯಬಹುದು. ಮಗುವು ಹೊಸಹೊಸ ಶಕ್ತಿಗಳನ್ನು ಪಡೆಯುತ್ತ ಹೋಗುವುದಕ್ಕೆ ವಿಕಾಸವೆಂದು ಹೆಸರು. ಕುತ್ತಿಗೆ ನಿಲ್ಲಿಸುವುದು, ನಗುವುದು, ಕೂಡುವುದು, ಹಿಡಿಯುವುದು, ನಡೆಯುವುದು, ನುಡಿಯುವುದು, ಇನ್ನೊಬ್ಬರೊಡನೆ ಆಡುವುದು ಇವೆಲ್ಲ ವಿಕಾಸದ ಅಂಗಗಳು. ಇದನ್ನು ತಕ್ಕಡಿಯು ತೋರಿಸಲಾರದು. ಮೈಕೈ ತುಂಬಿಕೊಂಡ ಮಗುವಿನ ವಿಕಾಸವು ಹಿಂದೆ ಬಿದ್ದಿರಬಹುದು. ಸಣಕಲಾದ ಮಗು ವಿಕಾಸದಲ್ಲಿ ಸರಿಸಮನಾಗಿರಬಹುದು.

ವಿಕಾಸದ ಮೂಲಸ್ಥಾನವು ಮೆದುಳು. ಹುಟ್ಟಿದಾಗ ಸುಮಾರು ೩೫೦ ರಿಂದ ೪೦೦ ಗ್ರಾಂ ತೂಗುವ ಮೆದುಳು ಎರಡು ವರ್ಷ ತುಂಬುವುದರೊಳಗೆ ವಯಸ್ಕರ ಮೆದುಳಿನ ಸುಮಾರು ಮುಕ್ಕಾಲು ಪಾಲಿನಷ್ಟಾಗುತ್ತದೆ. ಈ ಕಾಲದಲ್ಲಿ ನರಕೋಶಗಳ ನಡುವೆ ಅಸಂಖ್ಯಾತ ಸಂಪರ್ಕಗಳು ಏರ್ಪಡುತ್ತವೆ. ಬಳಕೆಯಲ್ಲಿರುವವು ಬಲಗೊಳ್ಳುತ್ತವೆ, ಬಳಕೆಯಿಲ್ಲದವು ಕ್ರಮೇಣ ಅಳಿಯುತ್ತವೆ. ಕೇಳಿದ ಮಾತು, ನೋಡಿದ ಮುಖ, ಮುಟ್ಟಿದ ವಸ್ತು ಇವೇ ಆ ಬಳಕೆ. ಮೆದುಳು ಮುಂದೆಯೂ ಕಲಿಯಬಲ್ಲುದು. ಆದರೆ ಮೊದಲ ವರ್ಷಗಳಲ್ಲಿರುವಷ್ಟು ಸುಲಭವಾಗಿ ಮಾರ್ಪಾಡು ಹೊಂದುವ ಗುಣವು ಅನಂತರ ಅದಕ್ಕಿರುವುದಿಲ್ಲ. ಬೇಗ ಗುರುತಿಸಬೇಕೆಂದು ತಜ್ಞರು ಒತ್ತಿ ಹೇಳುವುದು ಈ ಕಾರಣದಿಂದ.

ಕಾಲದ ಮೈಲಿಗಲ್ಲುಗಳು

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮಾನ್ ಮತ್ತು ಅಮೆರಿಕ ದೇಶಗಳ ೮೧೬ ಆರೋಗ್ಯವಂತ ಮಕ್ಕಳನ್ನು ಪರಿಶೀಲಿಸಿ, ೨೦೦೬ರಲ್ಲಿ ಅದರ ಫಲವನ್ನು ಪ್ರಕಟಿಸಿತು. ಆಧಾರವಿಲ್ಲದೆ ಕೂಡುವ ಶಕ್ತಿಯು ೩.೮ ತಿಂಗಳಿನಿಂದ ೯.೨ ತಿಂಗಳಿನೊಳಗೂ, ತಾನಾಗಿ ನಡೆಯುವ ಶಕ್ತಿಯು ೮.೨ ತಿಂಗಳಿನಿಂದ ೧೭.೬ ತಿಂಗಳಿನೊಳಗೂ ಬರುವುದೆಂದು ಅದರಿಂದ ತಿಳಿಯಿತು. ಒಂಬತ್ತು ತಿಂಗಳಿಗೆ ನಡೆದ ಮಗುವೂ ಹದಿನಾರು ತಿಂಗಳಿಗೆ ನಡೆದ ಮಗುವೂ ಸಹಜವಾದ ಮಕ್ಕಳೇ ಎಂದಾಯಿತು. ವಿಕಾಸದ ಪ್ರತಿಯೊಂದು ಹಂತಕ್ಕೂ ಒಂದು ಅವಧಿಯುಂಟು. ಅವಧಿಗೆ ಒಂದು ಕೊನೆಯೂ ಉಂಟು. ಆ ಕೊನೆಯನ್ನು ದಾಟಿದಾಗ ವಿಚಾರಿಸತಕ್ಕದ್ದು.

ನೆನಪಿನಲ್ಲಿಡಬೇಕಾದ ಕೆಲವು ಹಂತಗಳು ಹೀಗಿವೆ. ಎರಡು ತಿಂಗಳ ಸುಮಾರಿಗೆ ಮಗು ಮುಖವನ್ನು ನೋಡಿ ನಗುತ್ತದೆ. ನಾಲ್ಕು ತಿಂಗಳ ಹೊತ್ತಿಗೆ ಅದರ ಕುತ್ತಿಗೆ ನಿಲ್ಲುತ್ತದೆ. ಒಂಬತ್ತು ತಿಂಗಳೊಳಗೆ ‘ಬಬಬ’, ‘ದದದ’ ಎಂಬ ತೊದಲು ದನಿಗಳು ಬರುತ್ತವೆ. ಒಂದು ವರ್ಷದ ಹೊತ್ತಿಗೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ಎತ್ತಿಕೊಳ್ಳೆಂದು ಕೈ ಚಾಚುತ್ತದೆ. ಹೊರಟವರಿಗೆ ಕೈ ಬೀಸುತ್ತದೆ. ಅನಂತರ ‘ಅವ್ವ’, ‘ಅಪ್ಪ’ ಎಂಬ ಬಿಡಿ ಮಾತುಗಳು; ಎರಡು ವರ್ಷದೊಳಗೆ ‘ಅವ್ವಾ ಬಾ’, ‘ಹಾಲು ಬೇಕು’ ಎಂಬಂತಹ ಎರಡು ಮಾತಿನ ಜೋಡಣೆ.

ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಎಣಿಸುವಾಗ, ಎಷ್ಟು ಮುಂಚಿತವಾಗಿ ಹುಟ್ಟಿತೋ ಅಷ್ಟನ್ನು ಕಳೆಯಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಹತ್ತು ತಿಂಗಳಾದಾಗ ಅದನ್ನು ಎಂಟು ತಿಂಗಳ ಮಗುವಿನೊಡನೆ ಹೋಲಿಸುವುದು ನ್ಯಾಯ. ಮೊದಲ ಎರಡು ವರ್ಷಗಳವರೆಗೆ ಈ ಕ್ರಮವನ್ನು ಅನುಸರಿಸುವ ರೂಢಿಯಿದೆ.

ಚಂದ್ರನನ್ನು ತೋರಿಸುವ ಬೆರಳು

ನಮ್ಮ ತಾಯಂದಿರು ಅಂಗಳದಲ್ಲಿ ನಿಂತು ಚಂದಮಾಮನನ್ನು ತೋರಿಸುತ್ತ ಮಗುವಿಗೆ ತುತ್ತು ತಿನ್ನಿಸುವುದನ್ನು ಎಲ್ಲರೂ ಬಲ್ಲೆವು. ತಾಯಿಯು ಬೆರಳನ್ನು ಮೇಲಕ್ಕೆತ್ತುತ್ತಾಳೆ. ಮಗುವು ಬೆರಳಿನ ತುದಿಯನ್ನಲ್ಲ, ಅದು ತೋರುವ ಚಂದ್ರನನ್ನು ನೋಡುತ್ತದೆ. ಮರಳಿ ತಾಯಿಯ ಮುಖವನ್ನು ನೋಡಿ ನಗುತ್ತದೆ. ‘ನೀನು ಕಂಡುದನ್ನು ನಾನೂ ಕಂಡೆ’ ಎಂಬುದು ಆ ನಗೆಯ ಅರ್ಥ. ಇಬ್ಬರು ಒಂದೇ ವಸ್ತುವಿನಲ್ಲಿ ಮನಸ್ಸಿಟ್ಟು, ಹಾಗೆ ಇಟ್ಟಿದ್ದೇವೆಂದು ಪರಸ್ಪರ ಅರಿತುಕೊಳ್ಳುವ ಈ ವ್ಯಾಪಾರಕ್ಕೆ ಮನೋವಿಜ್ಞಾನಿಗಳು ಜಂಟಿ ಗಮನವೆಂದು ಹೆಸರಿಟ್ಟಿದ್ದಾರೆ. ಮಾತು ಬೆಳೆಯುವುದು ಈ ಅಡಿಪಾಯದ ಮೇಲೆ. ತಾಯಿ ‘ಚಂದಮಾಮ’ ಎಂದಾಗ ಮಗು ಬೇರೆಲ್ಲೋ ನೋಡುತ್ತಿದ್ದರೆ, ಆ ಶಬ್ದವು ಯಾವ ವಸ್ತುವಿಗೆ ಸೇರಿದ್ದೆಂದು ಅದಕ್ಕೆ ತಿಳಿಯುವುದೆಂತು?

ಸ್ವಲ್ಪ ದಿನಗಳಲ್ಲಿಯೇ ಮಗುವು ತಾನೇ ಬೆರಳು ತೋರಿಸತೊಡಗುತ್ತದೆ. ಇದರಲ್ಲಿ ಎರಡು ಬಗೆಗಳುಂಟು. ನೆಲುವಿನ ಮೇಲಿನ ಬೆಲ್ಲವನ್ನು ಬೇಡುವುದಕ್ಕಾಗಿ ತೋರುವುದು ಒಂದು. ಆಕಾಶದಲ್ಲಿ ಹಾರುವ ವಿಮಾನವನ್ನು, ಅದು ಬೇಕೆಂದಲ್ಲ, ನೀನೂ ನೋಡೆಂದು ತೋರುವುದು ಇನ್ನೊಂದು. ಸ್ವಲೀನತೆಯುಳ್ಳ ಮಕ್ಕಳಲ್ಲಿ ಈ ಎರಡನೆಯ ಬಗೆಯು ತಡವಾಗಿ ಬರುವುದು, ಇಲ್ಲವೆ ವಿರಳವಾಗಿರುವುದು ಸಾಮಾನ್ಯ. ಬೇಕಾದ ವಸ್ತುವಿಗಾಗಿ ದೊಡ್ಡವರ ಕೈಯನ್ನೇ ಹಿಡಿದೆಳೆದು ವಸ್ತುವಿನ ಮೇಲಿಡುವುದು ಅನೇಕರಲ್ಲಿ ಕಂಡುಬರುತ್ತದೆ.

ಆಟದಲ್ಲಿಯೂ ಇಂತಹ ಗುರುತುಗಳುಂಟು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮನೆಗೆ ತಂದ ಮಣ್ಣಿನ ಎತ್ತುಗಳಿಗೆ ಎರಡೂವರೆ ವರ್ಷದ ಮಗುವು ಹುಲ್ಲು ಹಾಕಿ, ನೀರು ಕುಡಿಸಿ, ಹೊಲ ಉಳುವ ಆಟವಾಡುತ್ತದೆ. ಸ್ವಲೀನತೆಯುಳ್ಳ ಮಗುವು ಇಂತಹ ಕಲ್ಪನೆಯ ಆಟವನ್ನು ಆಡದೆ, ವಸ್ತುಗಳನ್ನು ಸಾಲಾಗಿಡುವುದರಲ್ಲಿ ಅಥವಾ ಬಂಡಿಯ ಗಾಲಿಯನ್ನು ತಿರುಗಿಸುತ್ತ ಕೂಡುವುದರಲ್ಲಿ ದೀರ್ಘಕಾಲ ಮಗ್ನವಾಗಿರಬಹುದು.

ತಡಮಾಡದೆ ವಿಚಾರಿಸಬೇಕಾದ ಗುರುತುಗಳನ್ನು ಹೀಗೆ ಸಂಗ್ರಹಿಸಬಹುದು: ೧೨ ತಿಂಗಳಾದರೂ ತೊದಲು ದನಿಯಿಲ್ಲದಿರುವುದು, ೧೨ ತಿಂಗಳಾದರೂ ಕೈ ಬೀಸುವುದು, ತೋರಿಸುವುದು ಮೊದಲಾದ ಸನ್ನೆಗಳಿಲ್ಲದಿರುವುದು, ೧೬ ತಿಂಗಳಾದರೂ ಒಂದು ಮಾತೂ ಬರದಿರುವುದು, ೨೪ ತಿಂಗಳಾದರೂ ತಾನಾಗಿ ಎರಡು ಮಾತುಗಳನ್ನು ಕೂಡಿಸದಿರುವುದು, ಯಾವ ವಯಸ್ಸಿನಲ್ಲಾದರೂ ಬಂದ ಮಾತು ಅಥವಾ ಕಲಿತ ನಡವಳಿಕೆಯು ಮರಳಿ ಹೋಗುವುದು. ಕೊನೆಯದು ಎಲ್ಲಕ್ಕಿಂತ ಗಂಭೀರವಾದುದು. ಮಾತು ಮಾತ್ರ ತಡವಾಗಿದ್ದು, ಸನ್ನೆ, ತಿಳಿವಳಿಕೆ, ಆಟ, ನೋಟಗಳೆಲ್ಲ ಸರಿಯಾಗಿರುವ ಮಗುವು ಮುಂದೆ ತಾನಾಗಿ ಮಾತು ಕಲಿಯುವ ಸಂಭವ ಹೆಚ್ಚು. ಮಾತಿನೊಡನೆ ಸನ್ನೆಯೂ ಇಲ್ಲವಾದರೆ ಕಾಯುವುದಕ್ಕೆ ಆಧಾರವಿಲ್ಲ.

ಸ್ವಲೀನತೆ ಎಂದರೇನು?

೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಮಕ್ಕಳ ಮನೋವೈದ್ಯರಾದ ಲಿಯೋ ಕ್ಯಾನರ್ ಅವರು ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಈ ಮಕ್ಕಳು ಜನರ ಸಂಗಕ್ಕಿಂತ ವಸ್ತುಗಳಲ್ಲಿ ಹೆಚ್ಚು ಆಸಕ್ತರಾಗಿದ್ದರು. ನಿತ್ಯಕ್ರಮದಲ್ಲಿ ಅಲ್ಪ ಬದಲಾವಣೆಯನ್ನೂ ಸಹಿಸುತ್ತಿರಲಿಲ್ಲ. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಅವರೂ ಇದನ್ನು ಹೋಲುವ ಲಕ್ಷಣಗಳನ್ನು ವರ್ಣಿಸಿದರು. ಇದಕ್ಕೆ ಆಟಿಸಂ ಎಂಬ ಹೆಸರು ನಿಂತಿತು. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತೇವೆ. ಇದು ಅಂಟುವ ರೋಗವಲ್ಲ, ಹುಚ್ಚಲ್ಲ, ಮೆದುಳಿನ ವಿಕಾಸದಲ್ಲಿರುವ ಒಂದು ಭೇದ. ಕೆಲವರಲ್ಲಿ ಮಾತೇ ಬರುವುದಿಲ್ಲ. ಕೆಲವರು ಉನ್ನತ ವಿದ್ಯಾಭ್ಯಾಸವನ್ನು ಮಾಡುತ್ತಾರೆ. ಹುಡುಗರಲ್ಲಿ ಹೆಚ್ಚಾಗಿ ಗುರುತಿಸಲ್ಪಡುತ್ತದೆ. ಹುಡುಗಿಯರಲ್ಲಿ ನಾಚಿಕೆಯ ಸ್ವಭಾವವೆಂದು ಕಡೆಗಣಿಸಲ್ಪಡುವುದೂ ಉಂಟು.

ಕಾರಣದ ವಿಷಯದಲ್ಲಿ ಒಂದು ದೊಡ್ಡ ತಪ್ಪು ನಡೆದುಹೋಯಿತು. ತಾಯಿಯ ಪ್ರೀತಿ ಸಾಲದಿದ್ದುದರಿಂದ ಮಗು ಹೀಗಾಯಿತೆಂಬ ಅಭಿಪ್ರಾಯವು ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಬಲವಾಗಿತ್ತು. ೧೯೬೪ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿಯು ಇದನ್ನು ಖಂಡಿಸಿದರು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಅವರು, ಇಬ್ಬರಲ್ಲಿ ಒಬ್ಬರಿಗಾದರೂ ಸ್ವಲೀನತೆಯಿದ್ದ ೨೧ ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ಏಕರೂಪ ಅವಳಿಗಳ ೧೧ ಜೋಡಿಗಳಲ್ಲಿ ೪ ಜೋಡಿಗಳ ಇಬ್ಬರೂ ಸ್ವಲೀನರಾಗಿದ್ದರು. ಭಿನ್ನರೂಪ ಅವಳಿಗಳ ೧೦ ಜೋಡಿಗಳಲ್ಲಿ ಅಂತಹದು ಒಂದೂ ಇರಲಿಲ್ಲ. ಎರಡು ಬಗೆಯ ಅವಳಿಗಳೂ ಒಂದೇ ತಾಯಿಯ ಮಡಿಲಲ್ಲಿ ಬೆಳೆದವರೇ. ಏಕರೂಪದವರಲ್ಲಿ ಮಾತ್ರ ವಂಶವಾಹಿಗಳು ಸಂಪೂರ್ಣ ಸಮಾನ. ಆದಕಾರಣ ಮೂಲವು ಬಹುಮಟ್ಟಿಗೆ ವಂಶವಾಹಿಗಳಲ್ಲಿದೆಯೆಂದು ತೋರಿತು. ಅನಂತರದ ದೊಡ್ಡ ಅಧ್ಯಯನಗಳು ಇದನ್ನು ದೃಢಪಡಿಸಿವೆ.

ಲಸಿಕೆಯಿಂದ ಸ್ವಲೀನತೆ ಬರುವುದೆಂಬ ಮಾತೂ ಹೀಗೆಯೇ ಬಿದ್ದುಹೋಯಿತು. ೧೨ ಮಕ್ಕಳನ್ನು ಕುರಿತ ೧೯೯೮ರ ಒಂದು ಲೇಖನವು ಈ ಶಂಕೆಯನ್ನು ಹಬ್ಬಿಸಿತು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ೫ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕುರಿತು ನಡೆದು ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಡಾರದ ಲಸಿಕೆಗೂ ಸ್ವಲೀನತೆಗೂ ಯಾವ ಸಂಬಂಧವೂ ಕಾಣಲಿಲ್ಲ.

ಮೊದಲು ಕಿವಿಯನ್ನು ನೋಡಿ

ಮಾತು ಬಾರದ ಮಗುವೆಲ್ಲ ಸ್ವಲೀನವಲ್ಲ. ಹೆಸರು ಕರೆದರೆ ತಿರುಗದ ಮಗುವಿಗೆ ಕಿವಿಯೇ ಕೇಳದಿರಬಹುದು. ಬಾಗಿಲ ಸಪ್ಪಳಕ್ಕೆ ಬೆಚ್ಚುತ್ತದೆಯೆಂದ ಮಾತ್ರಕ್ಕೆ ಕಿವಿ ಸರಿಯಾಗಿದೆಯೆಂದು ಹೇಳಲಾಗದು. ದೊಡ್ಡ ಸಪ್ಪಳ ಕೇಳಿಸಿ ಮೃದುವಾದ ಮಾತು ಕೇಳಿಸದಿರುವುದುಂಟು. ಆದ್ದರಿಂದ ಶ್ರವಣ ಪರೀಕ್ಷೆಯು ಮೊದಲ ಹೆಜ್ಜೆ. ನವಜಾತ ಶಿಶುವಿನ ಶ್ರವಣವನ್ನೂ ಅದು ನಿದ್ರಿಸುತ್ತಿರುವಾಗಲೇ ಯಂತ್ರದಿಂದ ಪರೀಕ್ಷಿಸಬಹುದು. ಅಮೆರಿಕದ ಕೊಲರಾಡೊ ರಾಜ್ಯದ ೧೫೦ ಮಕ್ಕಳನ್ನು ಕುರಿತು ೧೯೯೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಶ್ರವಣದೋಷವು ಪತ್ತೆಯಾದ ಮಕ್ಕಳ ಭಾಷೆಯು ಅನಂತರ ಪತ್ತೆಯಾದವರ ಭಾಷೆಗಿಂತ ಉತ್ತಮವಾಗಿ ಬೆಳೆದುದು ಕಂಡುಬಂದಿತು. ನಮ್ಮ ನಾಡಿನಲ್ಲಿ ೧೯೬೬ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾಗಿದೆ.

ಥೈರಾಯ್ಡ್ ಗ್ರಂಥಿಯ ಹುಟ್ಟು ನ್ಯೂನತೆಯು ಇನ್ನೊಂದು ಉದಾಹರಣೆ. ಭಾರತದಲ್ಲಿ ಸುಮಾರು ಸಾವಿರ ಶಿಶುಗಳಿಗೆ ಒಂದರಂತೆ ಇದು ಕಾಣುತ್ತದೆ. ಹುಟ್ಟಿದ ಎರಡು ವಾರಗಳೊಳಗೆ ಅಗ್ಗದ ಗುಳಿಗೆಯೊಂದನ್ನು ಆರಂಭಿಸಿದರೆ ಬುದ್ಧಿಯು ಸಹಜವಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಆದ ಹಾನಿಯನ್ನು ಪೂರ್ಣವಾಗಿ ಸರಿಪಡಿಸಲಾಗುವುದಿಲ್ಲ. ರೋಗವೂ ಅದೇ, ಔಷಧವೂ ಅದೇ. ಫಲವು ಬೇರೆಯಾಗುವುದು ಕಾಲದಿಂದ ಮಾತ್ರ.

ಜರಡಿ ಮತ್ತು ನಿರ್ಣಯ

ವಿಕಾಸದ ತಪಾಸಣೆಯನ್ನು ಧಾನ್ಯದ ಜರಡಿಗೆ ಹೋಲಿಸಬಹುದು. ಅದು ಸಂಶಯವುಳ್ಳವರನ್ನು ಬೇರೆ ಮಾಡುತ್ತದೆಯೇ ಹೊರತು ಕಡೆಯ ತೀರ್ಪನ್ನು ಕೊಡುವುದಿಲ್ಲ. ತಿರುವನಂತಪುರದ ಶಿಶು ವಿಕಾಸ ಕೇಂದ್ರದಲ್ಲಿ ಸಿದ್ಧವಾಗಿ ೧೯೯೧ರಲ್ಲಿ ಪ್ರಕಟವಾದ ಪಟವೊಂದು ಇದಕ್ಕೆ ಸರಳವಾದ ನಿದರ್ಶನ. ಎರಡು ವರ್ಷದೊಳಗಿನ ಮಕ್ಕಳಿಗೆ ಅದರಲ್ಲಿ ೧೭ ಅಂಶಗಳಿವೆ. ಪ್ರತಿಯೊಂದು ಅಂಶಕ್ಕೂ ಒಂದು ಅಡ್ಡಪಟ್ಟಿ. ನೂರಕ್ಕೆ ೩ ಮಕ್ಕಳು ಆ ಶಕ್ತಿಯನ್ನು ಪಡೆಯುವ ವಯಸ್ಸಿನಲ್ಲಿ ಪಟ್ಟಿಯು ಆರಂಭವಾಗಿ, ೯೭ ಮಕ್ಕಳು ಪಡೆಯುವ ವಯಸ್ಸಿನಲ್ಲಿ ಮುಗಿಯುತ್ತದೆ. ಮಗುವಿನ ವಯಸ್ಸಿನ ಗುರುತಿನಲ್ಲಿ ಪೆನ್ಸಿಲನ್ನು ನೆಟ್ಟಗಿಟ್ಟು, ಅದರ ಎಡಕ್ಕೆ ಮುಗಿದುಹೋದ ಪಟ್ಟಿಗಳಲ್ಲಿ ಮಗು ಮಾಡಲಾರದ ಅಂಶವಿದ್ದರೆ ವಿಳಂಬವಾಗಿದೆಯೆಂದು ತಿಳಿಯಬೇಕು. ಬೇಕಾದ ಉಪಕರಣ ಒಂದು ಪೆನ್ಸಿಲು, ಒಂದು ಬೀಗದಕೈ ಗೊಂಚಲು ಮಾತ್ರ. ಮೈಸೂರಿನಲ್ಲಿ ಜೆ. ಭರತ್ ರಾಜ್ ಅವರು ರಚಿಸಿದ ವಿಕಾಸ ತಪಾಸಣಾ ಪರೀಕ್ಷೆಯಲ್ಲಿ ಹುಟ್ಟಿನಿಂದ ೧೫ ವರ್ಷದವರೆಗಿನ ೮೮ ಅಂಶಗಳಿವೆ. ಸ್ವಲೀನತೆಗೆಂದೇ ೧೬ ರಿಂದ ೩೦ ತಿಂಗಳ ಮಕ್ಕಳ ತಾಯಿತಂದೆಗಳನ್ನು ಕೇಳುವ ‘ಎಂ-ಚಾಟ್’ ಎಂಬ ೨೦ ಪ್ರಶ್ನೆಗಳ ಪಟ್ಟಿಯೂ ಇದೆ.

ಜರಡಿಯ ಮಿತಿಯನ್ನು ಲೆಕ್ಕದಿಂದ ತಿಳಿಯೋಣ. ಸಾವಿರ ಮಕ್ಕಳಲ್ಲಿ ೧೦ ಮಕ್ಕಳಿಗೆ ಸ್ವಲೀನತೆಯಿದೆಯೆಂದು ಭಾವಿಸಿರಿ. ನಮ್ಮ ತಪಾಸಣೆಯು ಹತ್ತರಲ್ಲಿ ೮ ಮಕ್ಕಳನ್ನು ಹಿಡಿಯುತ್ತದೆ; ಉಳಿದ ೯೯೦ ಮಕ್ಕಳಲ್ಲಿ ನೂರಕ್ಕೆ ೫ರಂತೆ ಸುಮಾರು ೫೦ ಮಕ್ಕಳನ್ನು ತಪ್ಪಾಗಿ ಹಿಡಿಯುತ್ತದೆ ಎನ್ನೋಣ. ಒಟ್ಟು ಸಿಕ್ಕಿದವರು ೫೮. ನಿಜವಾದವರು ೮, ಎಂದರೆ ಸುಮಾರು ಏಳಕ್ಕೆ ಒಬ್ಬರು. ಆದ್ದರಿಂದ ತಪಾಸಣೆಯಲ್ಲಿ ಸಿಕ್ಕ ಮಗುವನ್ನು ಕೂಡಲೇ ಸ್ವಲೀನವೆಂದು ಕರೆಯುವುದು ತಪ್ಪು. ತಜ್ಞರ ಪರೀಕ್ಷೆಯಿಂದಲೇ ನಿರ್ಣಯವಾಗಬೇಕು. ಮೇಲಾಗಿ ೨ ಮಕ್ಕಳು ಜರಡಿಯಿಂದ ನುಣುಚಿಕೊಂಡಿದ್ದಾರೆ. ಆದ್ದರಿಂದ ಒಂದೇ ಸಲ ನೋಡಿ ಬಿಡತಕ್ಕದ್ದಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವು ೧೮ನೆಯ ಮತ್ತು ೨೪ನೆಯ ತಿಂಗಳುಗಳಲ್ಲಿ ಎರಡು ಸಲ ತಪಾಸಣೆಯನ್ನು ವಿಧಿಸಿರುವುದರ ಮರ್ಮವು ಇದೇ.

ಹಳ್ಳಿಯಿಂದ ತಜ್ಞರವರೆಗೆ

ಮುಗದದಂತಹ ಊರಿನಲ್ಲಿ ಈ ಕೆಲಸವನ್ನು ಮಾಡುವವರಾರು? ಮೊದಲ ಜರಡಿಯನ್ನು ಹಿಡಿಯಬೇಕಾದವರು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆ. ೧೯೭೫ರ ಅಕ್ಟೋಬರ್ ೨ರಂದು ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಮೊದಲಾದ ಅಂಗನವಾಡಿಯ ವ್ಯವಸ್ಥೆಯು ಈಗ ರಾಜ್ಯದಾದ್ಯಂತ ಹಬ್ಬಿದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ, ವೈದ್ಯರನ್ನೊಳಗೊಂಡ ಸಂಚಾರಿ ತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟು ದೋಷ, ಪೋಷಣೆಯ ಕೊರತೆ, ರೋಗ, ವಿಕಾಸದ ವಿಳಂಬ ಈ ನಾಲ್ಕನ್ನು ಹುಡುಕುವುದು ಅದರ ಉದ್ದೇಶ. ಸಂಶಯವಿದ್ದ ಮಗುವನ್ನು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕೆಂಬುದು ಯೋಜನೆ. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲಿಯೂ ಮಗುವಿನ ವಿಕಾಸದ ಹಂತಗಳನ್ನು ಮುದ್ರಿಸಲಾಗಿದೆ.

ಮುಗದದವರಿಗೆ ತಜ್ಞರು ತೀರ ದೂರವಿಲ್ಲ. ಧಾರವಾಡದಲ್ಲಿ ೧೮೪೫ರಲ್ಲಿ ಸ್ಥಾಪಿತವಾದ ಮಾನಸಿಕ ಆಸ್ಪತ್ರೆಯು ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಹೀಗಿದ್ದೂ ದಾರಿಯು ಉದ್ದವಾಗುವುದು ಮೈಲಿಗಳಿಂದಲ್ಲ, ಸಂಕೋಚದಿಂದ. ಮಾನಸಿಕ ಆಸ್ಪತ್ರೆಗೆ ಹೋದರೆ ಜನ ಏನೆಂದಾರು ಎಂಬ ಅಂಜಿಕೆ, ಸುಗ್ಗಿಯ ಕಾಲದಲ್ಲಿ ಒಂದು ದಿನದ ಕೂಲಿ ತಪ್ಪುವ ಚಿಂತೆ, ಸೊಸೆಯನ್ನೇ ದೂರುವ ಮನೆಯವರು, ಇವೆಲ್ಲ ನಿಜವಾದ ತಡೆಗಳು. ಕಡೆಯದನ್ನಂತೂ ವಿಜ್ಞಾನವು ಪೂರ್ಣವಾಗಿ ನಿರಾಕರಿಸಿದೆಯೆಂದು ಮೇಲೆ ಕಂಡೆವು.

ಇದು ಅಪರೂಪದ ಸಂಗತಿಯೂ ಅಲ್ಲ. ಉತ್ತರ ಗೋವಾ, ಹೈದರಾಬಾದ್, ಪಲ್ವಲ್, ಕಾಂಗ್ಡಾ ಮತ್ತು ಢೆಂಕಾನಾಲ್ ಎಂಬ ಐದು ಕಡೆಗಳಲ್ಲಿ ೨ ರಿಂದ ೯ ವರ್ಷದ ೩,೯೬೪ ಮಕ್ಕಳನ್ನು ಕುರಿತು ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನವು, ಸುಮಾರು ಎಂಟು ಮಕ್ಕಳಿಗೆ ಒಂದರಂತೆ ನರಸಂಬಂಧವಾದ ಯಾವುದಾದರೊಂದು ವಿಕಾಸದ ತೊಂದರೆಯಿದೆಯೆಂದು ತೋರಿಸಿತು. ಶ್ರವಣದೋಷ, ಮಾತಿನ ತೊಂದರೆ, ಮೂರ್ಛೆರೋಗ, ಬುದ್ಧಿಯ ವಿಳಂಬ, ಸ್ವಲೀನತೆ ಮೊದಲಾದವೆಲ್ಲ ಈ ಲೆಕ್ಕದಲ್ಲಿ ಸೇರಿವೆ.

ತಿಳಿದುದರಿಂದ ಆಗುವ ಲಾಭ

ಸ್ವಲೀನತೆಯನ್ನು ಹೋಗಲಾಡಿಸುವ ಔಷಧವಿಲ್ಲ. ಅಂತಹ ಭರವಸೆಯನ್ನು ಕೊಟ್ಟು ಹಣ ಕೀಳುವವರನ್ನು ನಂಬತಕ್ಕದ್ದಲ್ಲ. ಆದರೆ ಮಾತು, ಸನ್ನೆ, ಆಟ, ಸ್ವಾವಲಂಬನೆಗಳನ್ನು ಕ್ರಮವಾಗಿ ಕಲಿಸಬಹುದು. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತ್ ಅವರು ರೂಪಿಸಿದ ‘ಕಮ್ಯುನಿಕೇಷನ್ ಡೀಲ್’ ಎಂಬ ಕಾರ್ಯಕ್ರಮವು ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳಿಗೆ ಇಂತಹ ಶಿಕ್ಷಣವನ್ನು ಕೊಡುವ ಪ್ರಯತ್ನವಾಗಿದೆ.

ತಜ್ಞರು ವಿರಳವಾಗಿರುವ ಕಡೆ ಏನು ಮಾಡಬೇಕು? ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ೬೫ ಸ್ವಲೀನ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ತಾಯಿತಂದೆಗಳಿಗೆ ತಜ್ಞರಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತರು ಮಾರ್ಗದರ್ಶನ ಮಾಡಿದರು. ಮಗು ಏನನ್ನು ನೋಡುತ್ತಿದೆಯೋ ಅದನ್ನೇ ಅನುಸರಿಸಿ ಮಾತನಾಡುವುದು, ಅವಸರಪಡಿಸದೆ ಉತ್ತರಕ್ಕೆ ಕಾಯುವುದು ಮೊದಲಾದವು ಅದರ ಪಾಠಗಳು. ಕಲಿತ ತಾಯಿತಂದೆಗಳು ಮಗುವಿಗೆ ಹೊಂದಿಕೊಂಡು ವ್ಯವಹರಿಸತೊಡಗಿದರು. ಮಗುವು ತಾನಾಗಿ ಅವರೊಡನೆ ಸಂಪರ್ಕವನ್ನು ಆರಂಭಿಸುವುದು ಹೆಚ್ಚಾಯಿತು. ಎಲ್ಲ ಅಂಶಗಳಲ್ಲಿಯೂ ಸುಧಾರಣೆ ಕಾಣಲಿಲ್ಲ. ಆದರೂ ಮನೆಯಲ್ಲಿ ತಾಯಿಯೇ ಮಾಡಬಹುದಾದ ಕೆಲಸವುಂಟೆಂಬುದು ಸಿದ್ಧಪಟ್ಟಿತು.

ಬೇಗ ತಿಳಿದುದರಿಂದ ಇನ್ನೊಂದು ಉಪಕಾರವಿದೆ. ಹಟಮಾರಿಯೆಂದು ಹೊಡೆಸಿಕೊಳ್ಳುತ್ತಿದ್ದ ಮಗುವಿಗೆ ಹೊಡೆತ ತಪ್ಪುತ್ತದೆ. ದೂಷಣೆಗೆ ಒಳಗಾಗಿದ್ದ ತಾಯಿಗೆ ನೆಮ್ಮದಿ ದೊರೆಯುತ್ತದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸ್ವಲೀನತೆಯನ್ನೂ ತನ್ನ ೨೧ ವಿಭಾಗಗಳಲ್ಲಿ ಸೇರಿಸಿರುವುದರಿಂದ, ಶಾಲೆ ಮತ್ತು ಸವಲತ್ತುಗಳನ್ನು ಕುಟುಂಬವು ಹಕ್ಕಾಗಿ ಕೇಳಬಹುದು.

ವಿದ್ಯಾರ್ಥಿಗಳು ಮಾಡಬಹುದಾದುದು

ಅನೇಕ ಮನೆಗಳಲ್ಲಿ ತಾಯಿ ಕಾರ್ಡನ್ನು ಓದಬಲ್ಲವರು ಪ್ರೌಢಶಾಲೆಗೋ ಕಾಲೇಜಿಗೋ ಹೋಗುವ ಹುಡುಗ ಹುಡುಗಿಯರೇ ಆಗಿರುತ್ತಾರೆ. ಮನೆಯಲ್ಲಿ ಎರಡು ವರ್ಷದೊಳಗಿನ ತಮ್ಮ ತಂಗಿಯರಿದ್ದರೆ, ಅಕ್ಕನ ಮಗುವಿದ್ದರೆ, ಆ ಕಾರ್ಡನ್ನು ತೆರೆದು ಅದರ ವಯಸ್ಸಿಗೆ ಎದುರಾಗಿ ಬರೆದಿರುವುದನ್ನು ಓದಿರಿ. ಮಗುವಿನೊಡನೆ ಆಡುತ್ತ ಗಮನಿಸಿರಿ: ಕರೆದರೆ ತಿರುಗುವುದೇ, ತೋರಿಸಿದರೆ ನೋಡುವುದೇ, ತಾನು ಕಂಡುದನ್ನು ತೋರಿಸುವುದೇ? ಸಂಶಯ ಬಂದ ಪಕ್ಷದಲ್ಲಿ ರೋಗದ ಹೆಸರನ್ನು ಹೇಳಿ ಮನೆಯವರನ್ನು ಹೆದರಿಸಬೇಡಿರಿ. ಹೆಸರಿಡುವುದು ವೈದ್ಯರ ಕೆಲಸ. ಕಂಡುದನ್ನು ಮಾತ್ರ ದಿನಾಂಕದೊಡನೆ ಬರೆದಿಟ್ಟು, ಅಂಗನವಾಡಿಯ ಕಾರ್ಯಕರ್ತೆಗೆ ತೋರಿಸಿರಿ; ಅವ್ವನ ಜೊತೆಗೆ ಆಸ್ಪತ್ರೆಗೂ ಹೋಗಿರಿ.

ಪರೀಕ್ಷಿಸಿದ ಮೇಲೆ ಏನೂ ದೋಷವಿಲ್ಲವೆಂದು ತಿಳಿದರೆ ಕಳೆದುಕೊಂಡದ್ದು ಒಂದು ದಿನ. ದೋಷವಿದ್ದೂ ಪರೀಕ್ಷಿಸದೆ ಕುಳಿತರೆ ಕಳೆದುಕೊಳ್ಳುವುದು ಮಗುವಿನ ಕಲಿಕೆಯ ಅತ್ಯುತ್ತಮ ವರ್ಷಗಳು. ಎರಡನ್ನೂ ತೂಗಿ ನೋಡಿದರೆ ಯಾವ ಕಡೆಗೆ ಭಾರ ಹೆಚ್ಚೆಂಬುದು ಯಾರಿಗಾದರೂ ತಿಳಿಯುವಂತಿದೆ.